ಲಕ್ಕಮ್ಮ ಹಿಡಿದ ಕಳ್ಳ

ನನ್ನ ಅತ್ತೆ ಲಕ್ಕಮ್ಮನಿಗೆ ಸಿನಿಮಾ ಎಂದರೆ ಮೈಯೆಲ್ಲ ಉರಿ. ಅರವತ್ತೆರಡನೇ ಇಸವಿಯಲ್ಲಿ ಅರಕಲಗೂಡಿಗೆ ಟೂರಿಂಗ್ ಟಾಕೀಸಿನ ಟೆಂಟು ಬಂದಾಗ, ಮದುವೆಯಾದಾಗಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಕಳ್ಳರ ಕಥೆ, ಹೊಟ್ಟೆ ಹುಣ್ಣಾಗುವಷ್ಟು ನಗು, ನಾಯಕ ನಾಯಕಿ ಇಬ್ಬರೂ ಘಟಾನುಘಟಿಗಳು ಎಂದೆಲ್ಲ ಹೊಗಳಿದೆ.

“ನಾನೂ ಬತ್ತೀನಿ ನಡಿ,” ಅಂದರು ಅತ್ತೆ. “ಚೆಂದಾಗಿದ್ರೆ ಸರಿ. ಇಲ್ದಿದ್ರೆ ಈ ಮನೇಲಿ ಇನ್ನ್ಯಾವತ್ತೂ ಸಿನಿಮಾ ಅನ್ನೋ ಮಾತೆತ್ತಬ್ಯಾಡ.”

ನನ್ನ ಗಂಡ ಗಾಡಿ ಕಟ್ಟಿದರು. ಟೆಂಟಿನಲ್ಲಿ ಹೆಂಗಸರ ಕಡೆ ಮರಳಿನ ಮೇಲೆ ಕೂತೆವು. ಚಿತ್ರ ಶುರುವಾಯಿತು. ಅಯ್ಯೋ ನನ್ನ ಕರ್ಮವೇ! ಅಂಥ ನಟರನ್ನು ಇಟ್ಟುಕೊಂಡು ಇಂಥ ಸಪ್ಪೆ ಚಿತ್ರ ತೆಗೆದವನ ಕೈ ಮುರಿಯಬೇಕು ಅನ್ನಿಸಿತು. ನಾಯಕ ಸಾಹುಕಾರನ ಒಡವೆ ಕದ್ದು ಅಡುಗೆಮನೆಯ ಅಕ್ಕಿ ಮಡಕೆಯಲ್ಲಿ ಹೂತಿಟ್ಟ. ಇನ್ಸ್‌ಪೆಕ್ಟರು ಮಂಚದಡಿ ಹುಡುಕಿದ, ಬಾವಿಯಲ್ಲಿ ಇಣುಕಿದ, ಜಾರಿ ಬಿದ್ದ, ಎದ್ದು ಮತ್ತೆ ಬಿದ್ದ. ಒಬ್ಬರೂ ನಗಲಿಲ್ಲ. ಗಂಡಸರು ಬೀಡಿ ಸೇದಲು ಎದ್ದು ಹೊರಗೆ ಹೋಗತೊಡಗಿದರು. ಇನ್ನು ಈ ಜನ್ಮದಲ್ಲಿ ನನಗೆ ಸಿನಿಮಾ ಇಲ್ಲ ಎಂದುಕೊಂಡು ಅಳುವೇ ಬಂತು.

ಅಷ್ಟರಲ್ಲಿ ಪಕ್ಕದಲ್ಲೇ ಗುಡುಗಿದ ಹಾಗಾಯಿತು.

“ಲೇ ಪೆದ್ದಾ! ಬಾವೀಲಿ ಏನ್ಲಾ ಉಡುಕ್ತೀಯ? ಅಕ್ಕಿ ಮಡಕೇಲಿ ಕೈ ಆಕ್ಲಾ!”

ಅತ್ತೆ! ಮೊಣಕಾಲೂರಿ ಎದ್ದು ಪರದೆಗೆ ಬೆರಳು ತೋರಿಸುತ್ತಿದ್ದರು. ಮನೆಯಲ್ಲಿ ಯಾರು ಏನು ಬಚ್ಚಿಟ್ಟರೂ ಮೂಸಿ ಹಿಡಿಯುವ ಹೆಂಗಸು. ಕಣ್ಣೆದುರಿಗೇ ಪೊಲೀಸಿನವನು ಹೀಗೆ ದಡ್ಡನಾದರೆ ಸುಮ್ಮನಿರುತ್ತಾರೆಯೇ?

“ನನ್ ಸೊಸೆ ರಾಗಿ ವಾಡೇಲಿ ಬೆಲ್ಲ ಬಚ್ಚಿಟ್ರೆ ನಂಗೇ ಗೊತ್ತಾಯ್ತದೆ. ನಿಂಗ್ಯಾವನ್ಲಾ ಟೋಪಿ ಕೊಟ್ಟೋನು?”

ಟೆಂಟಿಗೆ ಟೆಂಟೇ ಗೊಳ್ಳೆಂದಿತು. ನಾಚಿಕೆಯಿಂದ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ, ಮುಚ್ಚಿಕೊಂಡೇ ನಕ್ಕೆ. ಹೊರಗೆ ಹೋದವರೆಲ್ಲ ಬೀಡಿ ಎಸೆದು ಓಡಿ ಬಂದರು. “ಅಜ್ಜಿ, ಪೊಲೀಸ್ನೋನು ಈಗ ಅಟ್ಟ ಅತ್ತಾವ್ನೆ, ಒಸಿ ಬುದ್ಧಿ ಯೋಳಿ!” ಎಂದು ಗಂಡಸರ ಕಡೆಯಿಂದ ಕೂಗಿದರು. ಅತ್ತೆ ಹೇಳಿದರು. ಕಳ್ಳನನ್ನು ಬಚಾವು ಮಾಡಲು ನಾಯಕಿ ಸುಳ್ಳೇ ಅತ್ತಾಗ ಅವಳನ್ನೂ ಬಿಡಲಿಲ್ಲ. “ಕಣ್ಣಲ್ಲಿ ಒಂದ್ ಅನಿ ನೀರಿಲ್ಲ, ಸೆರಗಲ್ಲಿ ಅದೇನಮ್ಮಿ ಒರುಸ್ತಿದ್ದೀಯ?” ಕೊನೆಗೂ ಇನ್ಸ್‌ಪೆಕ್ಟರು ಮಡಕೆಗೆ ಕೈ ಹಾಕಿದಾಗ ಬಿದ್ದ ಶಿಳ್ಳೆ ಆ ಘಟಾನುಘಟಿಗಳಿಗಲ್ಲ, ನಮ್ಮ ಲಕ್ಕಮ್ಮನಿಗೆ.

ಟೆಂಟಿನ ಮಾಲೀಕ ತಮ್ಮಯ್ಯ ಬಾಗಿಲಲ್ಲಿ ನಿಂತು ಕೈ ಮುಗಿದ. “ಅವ್ವಾ, ನಾಳೀಕೂ ಬರಬೇಕು.”

“ನಾಳೀಕ್ಯಾಕ್ಲಾ? ಕಳ್ಳ ಸಿಕ್ಕಾಯ್ತಲ್ಲ,” ಅಂದರು ಅತ್ತೆ. “ಒಸ ಕಳ್ಳನ್ನ ತಂದಾಗ ಯೋಳಿ ಕಳ್ಸು. ನಾನೂ ಸೊಸೆನೂ ಬತ್ತೀವಿ.”

ನಾನು ಗಾಡಿ ಹತ್ತಿದೆ. ದಸರಾ ಅಂಬಾರಿ ಹತ್ತಿದ ಹಾಗೇ ಇತ್ತು.