ಅಪ್ಪನ ಬೆನ್ನಿಗಿದ್ದ ಬಿಸಿಲು

"ಬಿಸಿಲು ಬೀಳೋ ಕಡೆ ಕೂತ್ಕೋ ಅಪ್ಪಾ. ಕೂತಲ್ಲಿಂದ ಏಳ್ಬೇಡ," ಎಂದು ಎರಡು ಸಲ ಹೇಳಿದ್ದೆ.

"ಟರ್ಕಿ ಬೇಟೆ ನನಗೇ ಹೇಳ್ಕೊಡ್ತೀಯಾ? ನಿನಗೆ ಬಂದೂಕು ಹಿಡಿಯೋದು ಕಲಿಸಿದ್ದು ಯಾರೇ, ಅರ್ಲೀನ್?"

ಅಪ್ಪನಿಗೆ ಎಪ್ಪತ್ತೆಂಟು. ಕಣ್ಣು ಮಂಜಾಗಿದೆ, ಒಪ್ಪಿಕೊಳ್ಳುವ ಆಸಾಮಿಯಲ್ಲ. ಈ ಸಲ ಬಂದೂಕು ಕೊಡಬೇಡ ಅಂತ ಅಮ್ಮ ಹೇಳಿದ್ದಳು. ಅಪ್ಪನಿಗೆ ಇಲ್ಲ ಅನ್ನುವ ಧೈರ್ಯ ನನಗೆ ಬರಲಿಲ್ಲ. ಅದಕ್ಕೇ ಒಳ್ಳೆಯ ಜಾಗ ಕೊಟ್ಟೆ, ಗುಡ್ಡದ ಪೂರ್ವದ ಇಳಿಜಾರು. ವರ್ಜೀನಿಯದ ಏಪ್ರಿಲ್ ಚಳಿಯಲ್ಲಿ ಟರ್ಕಿ ಕೋಳಿಗಳು ಮರದಿಂದಿಳಿದು ಮೈ ಕಾಯಿಸಿಕೊಳ್ಳಲು ಅಲ್ಲಿಗೇ ಬರುತ್ತವೆ. ಸೂರ್ಯ ಬೆನ್ನಿಗಿದ್ದರೆ ಮಂಜುಗಣ್ಣಿಗೂ ಅಷ್ಟಿಷ್ಟು ಕಂಡೀತು.

ಹೇಟೆಯ ಕೂಗಿಗೆ ಟರ್ಕಿ ಹುಂಜ ಗುಡ್ಡ ಹತ್ತಿ ಬರುತ್ತದೆ, ಇಳಿದು ಬರಲು ಹಿಂದೇಟು ಹಾಕುತ್ತದೆ. ಹಾಗಾಗಿ ನಾನು ಗುಡ್ಡದ ನೆತ್ತಿಯ ಮೇಲೆ, ಬಿಸಿಲು ಇನ್ನೂ ತಲುಪದ ಓಕ್ ಮರಕ್ಕೊರಗಿ, ಪೂರ್ವಕ್ಕೆ ಮುಖಮಾಡಿ ಕೂತೆ. ಹುಂಜವನ್ನು ಕರೆಯುವ ಪುಟ್ಟ ಮರದ ಪೆಟ್ಟಿಗೆಯ ಮುಚ್ಚಳ ತಿಕ್ಕಿ ಹೇಟೆಯ ಕೂಗು ತೆಗೆದೆ. ಕೆಳಗೆಲ್ಲೋ ಹುಂಜ ಓಗೊಟ್ಟು ಸುಮ್ಮನಾಯಿತು. ಮತ್ತೆ ತಿಕ್ಕಿದೆ.

ನನ್ನ ಕಡೆಯ ತರಗೆಲೆಗಳು ಇನ್ನೂ ಒದ್ದೆ. ಕೆಳಗಿನ ಇಳಿಜಾರಿನವು ಬಿಸಿಲಿಗೆ ಒಣಗಿ ಸದ್ದು ಮಾಡುತ್ತಿದ್ದವು. ಎರಡು ಹೆಜ್ಜೆ, ಮೌನ. ಮತ್ತೆರಡು ಹೆಜ್ಜೆ. ಹುಂಜ ನಡೆಯುವುದೂ ಹಾಗೇ.

ಪೊದೆಯ ಮೇಲೆ ಕೆಂಪು ಬಿಳಿ ತಲೆಯೊಂದು ಕಂಡಿತು. ಅಷ್ಟರಲ್ಲಿ ಬಿಸಿಲು ನನ್ನ ಮರಕ್ಕೂ ಬಂದು ಎದುರಿನಿಂದ ಕಣ್ಣು ಕುಕ್ಕುತ್ತಿತ್ತು. ಬಂದೂಕು ಎತ್ತಿದೆ, ಬೆರಳು ಕುದುರೆಯ ಮೇಲಿಟ್ಟೆ. ಹುಂಜದ ಎದೆಯಿಂದ ಜೋತಾಡುವ ಕೂದಲಿನ ಗಡ್ಡ ಕಾಣದೆ ಹೊಡೆಯಬೇಡ ಅಂತ ಅಪ್ಪ ಕಲಿಸಿದ್ದ. ಹಲ್ಲು ಕಚ್ಚಿ ಕಾದೆ.

ಆ ಕೆಂಪು ಬಿಳಿ ಮಡಚಿಕೊಂಡು ಜೇಬಿಗಿಳಿಯಿತು. ಕರವಸ್ತ್ರ. ಮೂಗು ಒರೆಸಿಕೊಂಡಿದ್ದು ಅಪ್ಪ. ಬೇಟೆಗೆ ಹುಂಜದ ತಲೆಯ ಈ ಬಣ್ಣ ತಂದವರನ್ನು ಕಂಡಕಂಡಲ್ಲಿ ಬೈಯುತ್ತಿದ್ದವನೇ ಅವನು.

ಬೆರಳು ತೆಗೆದೆ. ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆ. ಅಷ್ಟರಲ್ಲಿ ಅವನ ಬಂದೂಕು ಎದ್ದಿತು, ನೇರ ನನ್ನೆದೆಗೆ. ಕೈ ಬೀಸಿದರೆ ರೆಕ್ಕೆ ಅಂದುಕೊಂಡಾನು. ಅಲುಗಾಡದೆ ಜೋರಾಗಿ ಹೇಳಿದೆ.

"ಅಪ್ಪಾ, ನಾನು ಅರ್ಲೀನ್. ಬಂದೂಕು ಇಳಿಸು."

ನಳಿಗೆ ಇಳಿಯಲಿಲ್ಲ. "ಎಲ್ಲಿದ್ದೀಯಾ?"

"ನಿನ್ನೆದುರಿಗೇ. ಮರದ ಬುಡದಲ್ಲಿ."

ನಳಿಗೆ ನಿಧಾನವಾಗಿ ನೆಲದತ್ತ ಬಾಗಿತು.

"ಇಲ್ಲಿ ಹೇಟೆ ಕೂಗ್ತಿತ್ತಲ್ಲೇ," ಅಂದ.

"ಕೂಗಿದ್ದು ನಾನು. ಏಳ್ಬೇಡ ಅಂದಿದ್ನಲ್ಲ ನಿಂಗೆ."

"ಬಿಸಿಲು ಕಣ್ಣಿಗೆ ಹೊಡೀತು ಕಣೇ."

ಬಿಸಿಲು ಅವನ ಬೆನ್ನಿಗಿತ್ತು. ಅವನ ನೆರಳು ನನ್ನ ಬೂಟಿನವರೆಗೂ ಚಾಚಿತ್ತು. ನಾನು ಅದನ್ನೇ ನೋಡಿದೆ. ಅವನೂ ತಲೆ ಬಗ್ಗಿಸಿ ನೋಡಿದ.

ಹತ್ತಿರ ಬಂದು ತೋಟಾ ತೆಗೆದು ನನ್ನ ಅಂಗೈಗಿಟ್ಟ. ಆಮೇಲೆ ಬಂದೂಕನ್ನೂ ಕೊಟ್ಟ.

"ಕೈ ಹಿಡ್ಕೊಳ್ಳೇ," ಅಂದ. "ಇಳಿಜಾರು ಸರಿಯಾಗಿ ಕಾಣ್ತಿಲ್ಲ."