ಹಿಂದಿನ ಗಾಲಿಯ ಹವಾ

ಸಂಕೇತ ಜಾಕಿನ ಹಿಡಿಕೆಯನ್ನು ಇನ್ನಷ್ಟು ತಿರುಗಿಸಿದ. ಸುಸ್ಸೆಂದು ಸದ್ದಾಗಿ, ಎತ್ತಿ ನಿಲ್ಲಿಸಿದ್ದ ವ್ಯಾನಿನ ಗಾಲಿ ಒಂದು ಬೆರಳಿನಷ್ಟು ಇಳಿದು ನಿಂತಿತು. ಅದರ ಕೆಳಗೆ, ಸಿಮೆಂಟು ನೆಲದ ಮೇಲೆ, ಜುಲ್ಫಿಕಾರನ ಬಲಗೈ ಬೋರಲಾಗಿ ಹರಡಿತ್ತು. ಸಂಕೇತನ ಗೆಳೆಯ ಹನಮೇಶ ಜುಲ್ಫಿಕಾರನ ಬೆನ್ನಿಗೆ ಒಂದು ಮೊಣಕಾಲೂರಿ, ಇನ್ನೊಂದು ಬೂಟುಗಾಲಿನಿಂದ ಅವನ ಮುಂಗೈಯನ್ನು ಅದುಮಿದ್ದ.

"ಆ ಹುಡುಗಿ ಕೈಯಾಗ ಹವಾದ ಪೈಪ್ ಕೊಟ್ಟಾಂವ ಯಾರು?" ಸಂಕೇತ ಕೇಳಿದ.

"ನಾನ್ರಿ ಸರ್ರ. ನಾನ ಕೊಟ್ಟೇನಿ."

"ಜೋರಾಗಿ ಹೇಳು."

"ನಾನ!"

ಗಾಲಿ ಮತ್ತೆ ಅರ್ಧ ಬೆರಳು ಇಳಿಯಿತು. ಈಗ ರಬ್ಬರು ಗೆಣ್ಣುಗಳನ್ನು ಕೈ ಎಳೆದುಕೊಳ್ಳಲಾಗದಂತೆ ಒತ್ತಿ ಹಿಡಿಯಿತು.

ಶಾಯಿಸ್ತಾ ಕಂಪ್ರೆಸರಿಗೆ ಬೆನ್ನು ಹಚ್ಚಿ ನಿಂತಿದ್ದಳು. ಅಣ್ಣನನ್ನು ಬಿಡಿಸಲು ಎರಡು ಸಲ ನುಗ್ಗಿದ್ದಳು, ಎರಡು ಸಲವೂ ಹನಮೇಶ ಅವಳನ್ನು ದೂಡಿ ಕೆಡವಿದ್ದ. ತರಚಿದ ಮೊಣಕೈಯಿಂದ ರಕ್ತ ಜಿನುಗುತ್ತಿತ್ತು.

"ನನ್ನ ಕೇಳ್ರಿ! ಹವಾ ಹಾಕಿದಾಕಿ ನಾನು. ಅಂವ ನಮಾಜಿಗೆ ಹೋಗಿದ್ದ."

"ಗೊತ್ತದ. ನಾ ಅಲ್ಲೇ ನಿಂತಿದ್ದೆನಲ್ಲ." ಸಂಕೇತ ತಿರುಗಿಯೂ ನೋಡಲಿಲ್ಲ. ಬೋಳಿಸಿದ ತಲೆಯ ಮೇಲೆ ಹೊಲಿಗೆ ಹಾಕಿದ ಗಾಯ ಕಿವಿಯವರೆಗೆ ಇಳಿದಿತ್ತು. "ಹೆಣ್ಣುಮಗಳ ಮ್ಯಾಲೆ ಕೈ ಎತ್ತೂ ಮನಿತನ ಅಲ್ಲ ನಮ್ದು. ಅದಕ್ಕ ಇವನ ಕೈ."

ರಸ್ತೆಯಾಚೆ ದ್ಯಾಮಣ್ಣ ತನ್ನ ಪಾನ್ ಅಂಗಡಿಯ ಶಟರನ್ನು ಸದ್ದಾಗದಂತೆ ಅರ್ಧಕ್ಕೆ ಎಳೆದುಕೊಂಡ. ಬೆಳಗಿನ ಹನ್ನೊಂದಕ್ಕೇ ಉಣಕಲ್ಲಿನ ಬಿಸಿಲು ನೆತ್ತಿ ಸುಡುತ್ತಿತ್ತು. ಧಾರವಾಡದ ಕಡೆ ಹೋಗುವ ಬಸ್ಸುಗಳು ಹಾರ್ನು ಹೊಡೆದು ಹೋಗುತ್ತಲೇ ಇದ್ದವು. ಯಾರೂ ಇಳಿಯಲಿಲ್ಲ.

ಹನ್ನೆರಡು ದಿನದ ಹಿಂದಿನ ಮಾತು. ಶುಕ್ರವಾರ ಒಂದರಿಂದ ಎರಡರವರೆಗೆ ಜುಲ್ಫಿಕಾರ ಮಸೀದಿಯಲ್ಲಿದ್ದರೆ ಪಂಕ್ಚರ್ ಅಂಗಡಿ ಶಾಯಿಸ್ತಾಳದು. ಒಂದೂವರೆ ತಿಂಗಳಿಂದ ನಡೆದುಬಂದ ರೂಢಿ. ಆ ಹೊತ್ತಿಗೆ ಸಂಕೇತನ ಕಾರು ಬಂದು ನಿಂತಿತು. ಮುಂದಿನ ಸೀಟಿನಲ್ಲಿ ಅವನ ತಾಯಿ ಸುಹಾಸಿನಿ, ಸಾಲಿಯ ಶಿಕ್ಷಕಿ ಕೆಲಸ ಬಿಟ್ಟು ವರ್ಷಗಳಾದರೂ ಮಾತಿನಲ್ಲಿ ಅಕ್ಕಾರತನ ಉಳಿಸಿಕೊಂಡಿದ್ದವರು. ಪುಣೆಗೆ ಹೊರಟಿದ್ದರು. ಗಾಲಿಗೆ ಎಷ್ಟು ಹವಾ ಬೇಕೆಂದು ಕಂಪನಿಯವರು ಕಾರಿನ ಬಾಗಿಲ ಅಂಚಿಗೆ ಅಂಟಿಸಿದ ಚೀಟಿಯನ್ನು ಶಾಯಿಸ್ತಾ ಓದಿ, "ಮೂವತ್ಮೂರು ಅಂತ ಬರದಾರ್ರಿ," ಅಂದಳು. ಸಂಕೇತ ಫೋನಿನಿಂದ ಕಣ್ಣೆತ್ತದೆ, "ಬ್ಯಾಸಗಿ ಅದ, ಹವಾ ಕಾದು ಉಬ್ಬತದ. ಮೂವತ್ತು ಸಾಕು," ಅಂದ. ಊರಿಗೆ ಊರೇ ನಂಬಿದ ಮಾತು. ಅವಳು ನಾಲ್ಕೂ ಗಾಲಿಗೆ ಮೂವತ್ತು ಮಾಡಿದಳು. ಮೀಟರಿನ ಮುಳ್ಳು ಮೂವತ್ತರ ಮೇಲೆ ನಿಂತದ್ದನ್ನು ನಾಲ್ಕು ಸಲ ಕಣ್ಣಾರೆ ಕಂಡಿದ್ದಳು. ಹೊರಡುವಾಗ ಸುಹಾಸಿನಿ ಕಿಟಕಿಯಿಂದ ಕೇಳಿದ್ದರು: "ಛಲೋ ನೋಡೀಯವಾ? ದೂರ ಹೊಂಟೇವಿ."

"ನೋಡೇನ್ರಿ ಅಕ್ಕಾರ."

ಕಿತ್ತೂರು ದಾಟಿದ ಮೇಲೆ ಹಿಂದಿನ ಎಡಗಡೆಯ ಗಾಲಿ ಒಡೆಯಿತು. ಕಾರು ಮೂರು ಪಲ್ಟಿ ಹೊಡೆಯಿತು. ಅಕ್ಕಾರು ಗಾಜು ಒಡೆದುಕೊಂಡು ಹೊರಗೆ ಬಿದ್ದಿದ್ದರು. ಅವರ ಚಪ್ಪಲಿ ಮಾತ್ರ ಕಾರಿನಲ್ಲೇ ಉಳಿದಿದ್ದವಂತೆ. ಅವತ್ತಿನಿಂದ ಶಾಯಿಸ್ತಾ ನಿದ್ದೆಗಣ್ಣಲ್ಲೂ ಆ ಮುಳ್ಳನ್ನೇ ನೋಡುತ್ತಿದ್ದಳು. ಅದು ಮೂವತ್ತರ ಮೇಲೆಯೇ ಇತ್ತು. ಅದೊಂದು ಖರೇ ಇದ್ದರೆ ಆ ಸಾವು ತನ್ನ ಕೈಯದಲ್ಲ.

"ಹೆಚ್ಚಿಗಿ ಹವಾ ತುಂಬಿ ಕೊಂದೀರಿ," ಸಂಕೇತ ಹೇಳಿದ. "ಬ್ಯಾಸಗ್ಯಾಗ ಗಚ್ಚಾಗಿ ತುಂಬಿದ್ರ ಒಡೀದ ಏನ್ ಮಾಡತದ?"

"ಹೆಚ್ಚಿಗಿ ಹಾಕಿಲ್ರಿ! ಮೀಟರ್ ತೋರಿಸ್ತೇನಿ, ನೋಡ್ರಿ. ನಿಮ್ಮ ಕಣ್ಣಲೆ ನೋಡ್ರಿ!" ಶಾಯಿಸ್ತಾ ಪೈಪು ಎಳೆದುಕೊಂಡು ಅವರು ಬಂದ ಹನಮೇಶನ ಹೊಸ ಕಾರಿನ ಕಡೆ ಓಡಿದಳು. "ಇದರಾಗ ಗಾಲಿ ಹವಾ ಎಷ್ಟೈತಿ ಅಂತ ಪರದೆ ಮ್ಯಾಲೆ ತೋರಿಸ್ತೈತಲ್ಲ? ಓದ್ರಿ. ನನ್ನ ಮೀಟರ್‌ನ್ಯಾಗೂ ಅಷ್ಟ ಬರತೈತಿ."

"ಶಾಯಿಸ್ತಾ, ಬ್ಯಾಡ!" ಜುಲ್ಫಿಕಾರ ನೆಲದಿಂದಲೇ ಚೀರಿದ. ಇಷ್ಟು ಹೊತ್ತಿನ ಹೊಡೆತಕ್ಕೂ ಅವನು ಹಾಗೆ ಚೀರಿರಲಿಲ್ಲ.

ಅದು ಸಂಕೇತನಿಗೂ ಕೇಳಿಸಿತು. "ಹನಮ್ಯಾ, ಹೋಗಿ ಓದು. ಇಂವ ಎದ್ದರ ಗಾಲಿ ಇಳಸ್ತೇನಿ."

ಹನಮೇಶ ಹೋಗಿ ಕಾರಿನೊಳಗೆ ತಲೆ ಹಾಕಿದ. "ಎಡಗಡೆ ಮುಂದಿಂದು ಮೂವತ್ಮೂರು ತೋರಸ್ತೈತಿ."

ಶಾಯಿಸ್ತಾ ಅದೇ ಗಾಲಿಗೆ ಪೈಪು ಚುಚ್ಚಿದಳು. ಗೋಡೆಯ ಮೀಟರಿನ ಮುಳ್ಳು ಎದ್ದಿತು. ಮೂವತ್ತು ದಾಟಿತು. ಮೂವತ್ಮೂರು ದಾಟಿತು. ನಲವತ್ಮೂರರ ಮೇಲೆ ಹೋಗಿ ನಿಂತಿತು.

ಅವಳು ಪೈಪು ಕಿತ್ತು ಮತ್ತೆ ಚುಚ್ಚಿದಳು. ನಲವತ್ಮೂರು.

"ಭಾಯಿ?" ಅಂದಳು.

ಜುಲ್ಫಿಕಾರ ಕೆನ್ನೆಯನ್ನು ನೆಲಕ್ಕೆ ಒತ್ತಿ ಕಣ್ಣು ಮುಚ್ಚಿದ್ದ. "ಎರಡು ವರ್ಷದ ಹಿಂದ ಬಿದ್ದಿತ್ತು ಅದು. ಆವಾಗಿಂದ ಹತ್ತು ಹೆಚ್ಚಿಗಿ ತೋರಸ್ತೈತಿ. ನಾ ಹತ್ತು ಮ್ಯಾಲೆನ ಹಾಕತೇನಿ, ನನ್ನ ತಲ್ಯಾಗ ಇರತೈತಿ ಅದು. ನಿನಗ ದಿನಾ ಹೇಳಬೇಕಂತಿದ್ದೆ. ಗಿರಾಕಿ ಮುಂದ ಬಾಯಿ ಬಿಟ್ಟೀ ಅಂತ ಅಂಜಿಕಿ."

ಅಣ್ಣ ಯಾವಾಗಲೂ ಮುಳ್ಳನ್ನು ನಲವತ್ತರಾಚೆ ಒಯ್ಯುವುದನ್ನು ಅವಳು ನೋಡಿದ್ದಳು. ಗಿರಾಕಿಗಳೇ ಹಾಗೆ ಕೇಳುತ್ತಾರೆ ಅಂದುಕೊಂಡಿದ್ದಳು. ಹಾಗಾದರೆ ಅವತ್ತಿನ ಮೂವತ್ತು ಇಪ್ಪತ್ತೇ ಆಗಿತ್ತು.

"ಅಂದ್ರ ಹವಾ ಕಡಿಮಿ ಇತ್ತು," ಹನಮೇಶ ಗೊಂದಲದಲ್ಲಿ ಅಂದ. "ಕಡಿಮಿ ಇದ್ರ ಹೆಂಗ ಒಡೀತೈತಿ?"

ಬೇಡವೆಂದರೂ ಜುಲ್ಫಿಕಾರನ ಬಾಯಿಗೆ ಕಸುಬಿನ ಮಾತು ಬಂತು. "ಕಡಿಮಿ ಇದ್ರನ ಒಡೀತೈತ್ರಿ. ಟೈರ್ ಬಗ್ಗತೈತಿ, ಬಗ್ಗಿ ಬಗ್ಗಿ ಕಾಯತೈತಿ. ಗಾಡಿ ಜೋರು ಬಿಟ್ರ ಬಾಜೂಕಿನ ರಬ್ಬರ್ ಸುಟ್ಟು ಹರೀ—"

ಸಂಕೇತ ಹಿಡಿಕೆಯನ್ನು ಪೂರ್ತಿ ತಿರುಗಿಸಿಬಿಟ್ಟ.

ಶಾಯಿಸ್ತಾಳಿಗೆ ಮೊದಲು ಕೇಳಿಸಿದ್ದು ಅಣ್ಣನ ಕೂಗಲ್ಲ. ಹಸಿ ಕಟ್ಟಿಗೆಯನ್ನು ಮೊಣಕಾಲಿಗೆ ಕೊಟ್ಟು ಮುರಿದ ಸದ್ದು. ಕೂಗು ಆಮೇಲೆ ಬಂತು, ಬಂದದ್ದು ನಿಲ್ಲಲಿಲ್ಲ. ಟೈರು ಎಬ್ಬಿಸುವ ಕಬ್ಬಿಣದ ಪಟ್ಟಿ ಅವಳ ಕೈಗೆ ಹೇಗೆ ಬಂತೋ, ಅಡ್ಡ ಬಂದ ಹನಮೇಶನ ಮೊಣಕಾಲಿಗೆ ಬೀಸಿದಳು. ಅವನು ಕುಸಿದು ಕೂತ. ಎರಡನೆಯದನ್ನು ಸಂಕೇತನ ಹೆಗಲಿಗೆ ಹಾಕಿದಳು. ಅವನು ಹಿಂದಕ್ಕೆ ಬಿದ್ದ. ಹಿಡಿಕೆ ಬಿಗಿದು ಜಾಕನ್ನು ಒತ್ತತೊಡಗಿದಳು. ಒಂದು, ಎರಡು, ಮೂರು. ಗಾಲಿ ಅಲುಗಲಿಲ್ಲ. ನಾಲ್ಕು, ಐದು. ಹಿಂದಿನಿಂದ ಸಂಕೇತ ಅವಳ ಜಡೆ ಹಿಡಿದು ಎಳೆದ. ಅವಳು ಎಳೆಸಿಕೊಳ್ಳುತ್ತಲೇ ಒತ್ತಿದಳು. ಏಳನೆಯದಕ್ಕೆ ಗಾಲಿ ಎದ್ದಿತು. ಜುಲ್ಫಿಕಾರ ಕೈಯನ್ನು ಎದೆಗೆ ಸೆಳೆದುಕೊಂಡು ಮುದುಡಿದ. ಕಿರುಬೆರಳು, ಅದರ ಪಕ್ಕದ್ದು ಎರಡೂ ಇರಬಾರದ ಕಡೆಗೆ ತಿರುಗಿದ್ದವು.

"ಹತ್ತು ನಮ್ದು," ಶಾಯಿಸ್ತಾ ಏದುಸಿರಿನಲ್ಲಿ ಹೇಳಿದಳು. ಜಡೆ ಇನ್ನೂ ಅವನ ಮುಷ್ಟಿಯಲ್ಲಿತ್ತು. "ಮೂರು ನಿಮ್ದು. ಬಾಗಿಲದ ಮ್ಯಾಲೆ ಮೂವತ್ಮೂರು ಇತ್ತು. ನಾ ಓದಿ ಹೇಳಿದ್ದೆ. ಅಕ್ಕಾರೂ ಕೇಳಿಸ್ಕೊಂಡ್ರು."

ಹೆಣ್ಣುಮಗಳ ಮೇಲೆ ಕೈ ಎತ್ತದ ಮನೆತನದವನು ಅವಳ ಬಾಯಿಗೆ ಗುದ್ದಿದ. ಕಂಪ್ರೆಸರಿಗೆ ಅವಳ ತಲೆ ಬಡಿಯಿತು. ಇನ್ನೊಮ್ಮೆ ಗುದ್ದಿದ. ಮೂರನೆಯದಕ್ಕೆ ಎತ್ತಿದ ಮುಷ್ಟಿ ಅಲ್ಲೇ ನಿಂತಿತು. ತುಟಿ ಸೀಳಿದ ಆ ಹುಡುಗಿ ಕಣ್ಣು ತಗ್ಗಿಸದೆ ಅವನನ್ನೇ ನೋಡುತ್ತಿದ್ದಳು.

"ಎಷ್ಟು ಜೋರು ಬಿಟ್ಟಿದ್ರಿ?" ಅವಳು ಕೇಳಿದಳು.

ಅವನು ಮುಷ್ಟಿ ಇಳಿಸಿ, ಟೈರುಗಳ ರಾಶಿಯ ಮೇಲೆ ಕೂತುಬಿಟ್ಟ. ಜುಲ್ಫಿಕಾರ ನರಳುತ್ತಲೇ ಇದ್ದ. ಹನಮೇಶ ಕುಂಟುತ್ತ ಹೋಗಿ ಎಣ್ಣೆ ಹತ್ತಿದ ಅರಿವೆಯೊಂದನ್ನು ತಂದು, ಯಾರ ಮುಖವನ್ನೂ ನೋಡದೆ ಆ ಕೈಗೆ ಸುತ್ತತೊಡಗಿದ.

ಸಂಕೇತ ಮತ್ತೆ ಮಾತಾಡಿದಾಗ ಅವನ ದನಿ ಧಾರವಾಡದಾಚೆಯ ಬೇಲೂರಿನ ಫ್ಯಾಕ್ಟರಿಯಲ್ಲಿ ದಿನಾ ಆಳುಗಳಿಗೆ ಕೆಲಸ ಹಂಚುವಾಗಿನ ದನಿಯಾಗಿತ್ತು.

"ನಾಳೆ ಪೊಲೀಸರು ಬರ್ತಾರ, ನಿಮ್ಮ ಹೇಳಿಕೆ ತೊಗೋಳ್ಳಿಕ್ಕೆ. ಟೈರು ಚಿಂದಿ ಆಗೇದ, ಅದರಾಗ ಏನೂ ಗೊತ್ತಾಗೂದಿಲ್ಲ. ಟೈರಿನ ಬಾಜೂಕ ಗುಳ್ಳಿ ಉಬ್ಬಿತ್ತು ಅನ್ರಿ. ಕಂಪನಿ ಮಾಲೇ ಕೆಟ್ಟದ್ದಿತ್ತು. ಹವಾ ಬರೋಬರಿ ಇತ್ತು. ನಾ ಮೂವತ್ತು ಅಂದಿಲ್ಲ, ನಿಮ್ಮ ಮೀಟರಿನ ಮಾತು ನಾ ಎತ್ತೂದಿಲ್ಲ. ಇಲ್ಲಿ ನಡದದ್ದೂ ಇಲ್ಲಿಗೇ ಮುಗೀತು."

"ಹೂಂ ಸರ್ರ," ಜುಲ್ಫಿಕಾರ ಅಂದ. ನೋವಿನಲ್ಲಿ ಹಲ್ಲು ಕಟಗುಡುತ್ತಿದ್ದರೂ ಆ ಮಾತು ಮಾತ್ರ ಲಗುಬಗೆಯಿಂದ ಹೊರಬಿತ್ತು. "ಗುಳ್ಳಿ ಇತ್ರಿ. ನಾನ ನೋಡೇನಿ ಅಂತೇನಿ."

"ನೀ ಮಸೀದ್ಯಾಗಿದ್ದಿ. ಆಕಿನ ಹೇಳಬೇಕು."

ಮೂವರು ಗಂಡಸರೂ ಶಾಯಿಸ್ತಾಳ ಕಡೆ ನೋಡಿದರು. ಈಗಷ್ಟೇ ಒಬ್ಬರನ್ನೊಬ್ಬರು ಕೊಲ್ಲುವಂತಿದ್ದವರ ಕಣ್ಣುಗಳಲ್ಲಿ ಒಂದೇ ಬೇಡಿಕೆಯಿತ್ತು. ಮೂರು ಇವನದು, ಹತ್ತು ಅಣ್ಣನದು, ಪೈಪು ಹಿಡಿದ ಕೈ ತನ್ನದು. ಗುಳ್ಳೆ ಅಂದರೆ ಯಾರದೂ ಅಲ್ಲ. ಕಿಟಕಿಯಿಂದ ತಲೆ ಹೊರಹಾಕಿ, ಛಲೋ ನೋಡೀಯವಾ, ಅಂದ ಹೆಂಗಸು ಸುಮ್ಮಸುಮ್ಮನೆ ಸತ್ತಂತೆ.

"ಹೂಂ ಅನ್ನವಾ," ಜುಲ್ಫಿಕಾರ ಅಂದ. ಸುತ್ತಿದ ಅರಿವೆ ಆಗಲೇ ತೊಯ್ದಿತ್ತು. "ನನ್ನ ಕೈ ನೋಡು. ಇದರ ಮ್ಯಾಲೆ ಜೇಲು ಬ್ಯಾರೆ ಬೇಕೇನು? ನಿನಗೂ ಬರತೈತಿ."

ಸಂಕೇತ ಎದ್ದು ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಕಿಸೆಯಿಂದ ಮಡಿಕೆ ಮುರಿಯದ ಬಿಳಿ ಕರವಸ್ತ್ರ ತೆಗೆದು ಅವಳ ತುಟಿಯ ಹತ್ತಿರ ಹಿಡಿದ.

"ಒರಸ್ಕೋ. ಹೊಸಾ ಮೀಟರ್ ಕೊಡಸ್ತೇನಿ. ನಿಮ್ಮಣ್ಣನ್ನ ಈಗಿಂದೀಗ ದವಾಖಾನಿಗೆ ನಾನ ಒಯ್ತೇನಿ. ಗುಳ್ಳಿ ಇತ್ತು ಅಂತ ಒಂದು ಮಾತು ಅನ್ನು, ಅಷ್ಟ."

ಶಾಯಿಸ್ತಾ ಬಾಯಿಯೊಳಗಿನ ರಕ್ತವನ್ನು ನೆಲಕ್ಕೆ ಉಗುಳಿದಳು.

"ಒಲ್ಲೆ," ಅಂದಳು.