ಕಹಳೆ ಬಾಯಿ ಮುಚ್ಚಿದ ಸಂಜೆ

ಬಾವಲಿ ಹಿಕ್ಕೆಯ ವಾಸನೆಗೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಶಾಲೆಯ ಅಟ್ಟ ನೆನಪಾಗುತ್ತದೆ. ಹಳೆಯ ಭೂಪಟಗಳ ಹಿಂದೆ ಅವಿತು ಕೂತಾಗ ಮೂಗಿಗೇರುತ್ತಿದ್ದ ಅದೇ ಘಾಟು, ಮುದುಕಿಯಾದ ಮೇಲೆ, ಮಳೆಕಾಡಿನ ಆ ಗುಹೆಯ ಬಾಯಲ್ಲಿ ಮತ್ತೆ ಸಿಕ್ಕಿತು.

ಅಲ್ಲಿಗೆ ನನ್ನನ್ನು ಎಳೆದುಕೊಂಡು ಬಂದವಳು ನಾದಿನಿ. ಕೆಲಸದಲ್ಲಿದ್ದಷ್ಟು ಕಾಲವೂ ಶಾಲೆಯ ಮಕ್ಕಳಿಗೆ ಡ್ರಿಲ್ ಮಾಡಿಸಿದವಳು. ಮನೆಮಂದಿಗೆಲ್ಲ ಅವಳು 'ಕಹಳೆ'. ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದು ಮಂಜಾಗುತ್ತಿತ್ತು. "ನೋಡಬೇಕಾದ್ದನ್ನೆಲ್ಲ ಈ ವರ್ಷವೇ ನೋಡಿಬಿಡಿ" ಎಂದು ಡಾಕ್ಟರು ಹೇಳಿದ್ದೇ ಸರಿ, ಸಂಜೆ ಹೊತ್ತು ಲಕ್ಷಗಟ್ಟಲೆ ಬಾವಲಿಗಳು ಗುಹೆಯಿಂದ ಹೊರಡುವುದನ್ನು ನೋಡಲೇಬೇಕೆಂದು ಹಟ ಹಿಡಿದಳು.

"ಮೊಮ್ಮಕ್ಕಳ ಮುಖ ನೋಡೋದು ಬಿಟ್ಟು ಬಾವಲಿ ನೋಡ್ತೀಯೇನೇ?" ಎಂದೆ.

"ಅವು ಫೋನಿಂದ ತಲೆ ಎತ್ತಿದ್ರೆ ತಾನೆ ಅತ್ತಿಗೆ, ಮುಖ ಕಾಣೋದು!"

ಗುಹೆಯೊಳಗೆ ಹಲಗೆಯ ದಾರಿ, ಎಲ್ಲರ ಕೈಯಲ್ಲೂ ಟಾರ್ಚು. ಪಿಸುಮಾತಿಗಿಂತ ಜೋರಾಗಿ ಮಾತಾಡಬಾರದೆಂದು ಗೈಡ್ ಹುಡುಗಿ ಮೊದಲೇ ಹೇಳಿದ್ದಳು. ನಮ್ಮ ಮುಂದೆಯೇ ಇದ್ದ ಟೋಪಿಯವನು ಫೋಟೊಗೆಂದು ಸಾಲು ಬಿಟ್ಟು ಕಂಬಿಯಾಚೆ ಬಗ್ಗಿದ್ದೇ ತಡ, ನಾದಿನಿಯ ಹಳೇ ಅಭ್ಯಾಸ ಎದ್ದು ಕೂತಿತು.

"ಏಯ್! ಸಾಲಲ್ಲಿ ನಿಲ್ಲು!"

ಗುಹೆ ಅದನ್ನೇ ಮತ್ತೆ ಮತ್ತೆ ಕೂಗಿತು. ಚಾವಣಿಗೆ ಜೋತುಬಿದ್ದಿದ್ದ ಬಾವಲಿಗಳು ಗಾಬರಿಯಿಂದ ತಲೆಯ ಮೇಲೆ ಗಿರಕಿ ಹೊಡೆದವು. ಟೋಪಿಯವನಷ್ಟೇ ಅಲ್ಲ, ಏನೂ ತಪ್ಪು ಮಾಡದವರೂ ಕೈ ಕೆಳಗಿಳಿಸಿ ನೆಟ್ಟಗೆ ನಿಂತರು.

"ಅಮ್ಮಾ," ಗೈಡ್ ದನಿ ಏರಿಸದೆ ಹೇಳಿದಳು, "ಇನ್ನೊಂದು ಸಲ ಕೂಗಿದ್ರೆ ನಿಮ್ಮನ್ನ ಗೇಟಿಗೆ ವಾಪಸ್ ಕಳಿಸ್ಬೇಕಾಗತ್ತೆ. ಸಂಜೆ ಬಾವಲಿ ಹೊರಡೋದನ್ನ ನೋಡೋಕಾಗಲ್ಲ."

ನಾದಿನಿಯ ಮುಖ ಬಿಳಿಚಿತು. ಕರವಸ್ತ್ರ ಮಡಿಚಿ ಬಾಯಿಗೆ ತುರುಕಿಕೊಂಡಳು.

"ನಿನ್ನ ಬಾಯಿ ಮುಚ್ಚಿಸೋಕೆ ನಿಮ್ಮಣ್ಣನ ಕೈಲೂ ಆಗಿರ್ಲಿಲ್ಲ ಕಣೇ. ಬಾವಲಿ ಗೆದ್ದುಬಿಡ್ತು," ಎಂದು ಅವಳ ಕಿವಿಯಲ್ಲಿ ಉಸುರಿದೆ. ಉತ್ತರವಾಗಿ ತೋಳು ಚಿವುಟಿದಳು.

ಹೊರಗೆ ಬೆಂಚುಗಳ ಮೇಲೆ ಕಾದೆವು. ಹೊತ್ತು ಇಳಿಯುತ್ತಿದ್ದಂತೆ ಎಲ್ಲರ ಕತ್ತೂ ಒಮ್ಮೆಗೇ ಮೇಲೆದ್ದಿತು. ನಾದಿನಿ ಮಾತ್ರ ಅತ್ತ ಇತ್ತ ತಡಕಾಡುತ್ತಿದ್ದಳು. ಕರವಸ್ತ್ರ ತೆಗೆದು, "ಎಲ್ಲಿ ಅತ್ತಿಗೆ? ಬರೀ ಮರ ಕಾಣ್ತಿದೆ," ಎಂದಳು. ಆ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

ಅವಳ ತಡಕಾಟ ನೋಡಿ, ಮುಂದಿನ ಬೆಂಚಿನ ತುದಿಯಿಂದ ಟೋಪಿಯವನು ಎದ್ದು ಬಂದ. "ನೀವು ಟೀಚರಲ್ವಾ? ಇಲ್ಲಿ ಬನ್ನಿ. ಮರ ಅಡ್ಡ ಬರಲ್ಲ." ಅವಳನ್ನು ತನ್ನ ಜಾಗದಲ್ಲಿ ಕೂರಿಸಿ, ತಾನು ಹಿಂದೆ ಕಂಬದ ಮರೆಗೆ ಹೋಗಿ ನಿಂತ.

ಅಲ್ಲಿಂದ ಅವಳಿಗೆ ಕಂಡಿತು. ಇನ್ನೂ ಬೆಳಕುಳಿದಿದ್ದ ಆಕಾಶದಲ್ಲಿ, ಹೊಗೆಯ ಹಗ್ಗದಂತೆ ಬಳುಕುತ್ತ, ಮುಗಿಯದೆ ಹೊರಟ ಬಾವಲಿಗಳು. ನಾದಿನಿ ಎರಡೂ ಕೈಯಿಂದ ಬಾಯಿ ಒತ್ತಿಹಿಡಿದು ನೋಡಿದಳು. ಕೆನ್ನೆ ಒದ್ದೆಯಾಗಿದ್ದನ್ನು ಕಂಡರೂ ನಾನು ಆಗ ರೇಗಿಸಲಿಲ್ಲ.

ಕತ್ತಲಾಗಿ ಜನ ಎದ್ದು ಹೋದರು. ಇವಳು ಏಳಲಿಲ್ಲ.

"ಇನ್ನೂ ಬರ್ತಿವೆ ಅಲ್ವಾ ಅತ್ತಿಗೆ?"

ಬರುತ್ತಿರಲಿಲ್ಲ. "ಹೂಂ, ಬರ್ತಿವೆ," ಎಂದೆ.

ಗೈಡ್ ನನ್ನ ಸುಳ್ಳನ್ನು ತಿದ್ದಲಿಲ್ಲ, ಹೊರಡಿ ಎಂದೂ ಹೇಳಲಿಲ್ಲ. ಗೇಟಿನ ಬಳಿಯ ಕ್ಯಾಂಟೀನಿನ ದೀಪ ಆರಿದ್ದನ್ನು ನೋಡಿ ನಮ್ಮ ಪಕ್ಕ ಬಂದು ಕೂತಳು. ತನ್ನ ಚೀಲದಿಂದ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ನಾದಿನಿಯ ಮಡಿಲಲ್ಲಿಟ್ಟಳು.